ಬಾಯಾರಿಕೆಗೊಂದು ಕಡ್ಡಿ

ಮಾರ್ಚ್ ಹದಿನಾಲ್ಕು, ಗುರುವಾರ, ಬೆಳಿಗ್ಗೆ ಹತ್ತು ನಲವತ್ತು. ನೆಲದಿಂದ ನಲವತ್ತು ಮೀಟರ್ ಮೇಲೆ, ಗಾಜಿನ ಗೂಡಿನಲ್ಲಿ ಕೂತಿದ್ದ ಕ್ರೇನ್ ಚಾಲಕನ ಬಲಗೈ ಬೆರಳುಗಳು ಮಾತು ಕೇಳದಾದವು. ಕೊಂಡಿಯಲ್ಲಿ ಎರಡು ಟನ್ ಕಬ್ಬಿಣದ ಸರಳುಗಳು ತೂಗುತ್ತಿದ್ದವು.

"ಭಾವ, ನಿದ್ದೆ ಹೋದ್ರಾ? ಬೇಗ ಇಳಿಸಿ, ಮೇಲೆ ನೋಡೀ ನೋಡೀ ಕತ್ತು ನೋಯ್ತಿದೆ." ವಾಕಿಟಾಕಿಯಲ್ಲಿ ಭಾವಮೈದುನನ ದನಿ. ಕೆಳಗೆ ನಿಂತು ಸೂಚನೆ ಕೊಡುವುದು ಅವನ ಕೆಲಸ.

"ಕೆಳಗಿರೋರನ್ನೆಲ್ಲ ಸರಿಸು."

ಆ ದನಿ ಕೇಳಿದ ಮೇಲೆ ಭಾವಮೈದುನ ತಮಾಷೆ ಮಾಡಲಿಲ್ಲ.

ಚಾಲಕ ಎಡಗೈಯಿಂದ ಬಲಗೈಯನ್ನು ಹಿಡಿದು ಹಿಡಿಕೆ ಒತ್ತಿದ. ಸರಳುಗಳ ಕಟ್ಟು ತಡೆತಡೆದು ಇಳಿದು ಮರದ ದಿಮ್ಮಿಗಳ ಮೇಲೆ ಕೂತಿತು. ಅವನು ಏಳಲು ನೋಡಿದ. ತೊಡೆಗಳು ಬೇರೆ ಯಾರವೋ ಎನ್ನುವಂತಿದ್ದವು. ಹದಿನೈದು ದಿನದಿಂದ ಸಂಜೆ ಇಳಿಯುವಾಗ ಕಾಲು ಸೋಲುತ್ತಿತ್ತು, ವಯಸ್ಸಾಯಿತು ಎಂದುಕೊಂಡಿದ್ದ.

ಭಾವಮೈದುನ ಹತ್ತಿ ಬಂದ. ಚಾಲಕನಿಗೆ ಸುರಕ್ಷಾ ಪಟ್ಟಿ ಬಿಗಿದು, ಏಣಿಯಲ್ಲಿ ಅವನ ಕೆಳಗೇ ಇಳಿಯುತ್ತ, ಪ್ರತಿ ಹೆಜ್ಜೆಗೂ ಅವನ ಪಾದ ಹಿಡಿದು ಮೆಟ್ಟಿಲ ಮೇಲಿಟ್ಟ.

"ಕೊನೆಗೂ ನಿಮ್ಮ ಕಾಲು ಹಿಡಿಯೋ ಹಾಗಾಯ್ತಲ್ಲ. ಅಕ್ಕಂಗೆ ಮಾತ್ರ ಹೇಳ್ಬೇಡಿ," ಎಂದ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎದೆಗೆ ಹಚ್ಚಿದ ತಂತಿಗಳಿಂದ ಬಂದ ಗೆರೆಗಳನ್ನೇ ಬಹಳ ಹೊತ್ತು ನೋಡಿದಳು. "ರಕ್ತದಲ್ಲಿ ಪೊಟ್ಯಾಸಿಯಂ 2.2 ಇದೆ. ಕಡಿಮೆ ಅಂದ್ರೂ 3.5 ಇರಬೇಕು. ಎದೆಬಡಿತ ತಾಳ ತಪ್ತಿದೆ."

"ಹೃದಯದ ಕಾಯಿಲೆ ಅಂತ ಬರೀಬೇಡಿ ಡಾಕ್ಟ್ರೇ. ಬರೆದ್ರೆ ನನ್ನ ಮೇಲಕ್ಕೆ ಬಿಡಲ್ಲ."

"ಮೊದಲು ಕಾರಣ ಸಿಗಲಿ. ವಾಂತಿ, ಭೇದಿ?"

"ಇಲ್ಲ."

"ಮೂತ್ರ ಹೋಗೋಕೆ ಮಾತ್ರೆ ಏನಾದ್ರೂ?"

"ಅಯ್ಯೋ, ಅದು ಬರ್ಬಾರ್ದು ಅಂತಾನೇ ನೀರು ಕುಡಿಯಲ್ಲ."

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ಭಾವಮೈದುನ ಬಿಡಿಸಿ ಹೇಳಿದ. "ಮೇಲೆ ಶೌಚಾಲಯ ಇಲ್ಲ. ಇಳಿದು ಹತ್ತೋಕೆ ಅರ್ಧ ಗಂಟೆ ಬೇಕು, ಅಲ್ಲೀವರೆಗೆ ಕೆಲಸ ನಿಲ್ಲುತ್ತೆ. ಬಾಯಿ ಒಣಗ್ಬಾರ್ದು ಅಂತ ಜೇಷ್ಠಮಧು ಅಗೀತಾರೆ. ದಿನಾ ಆರೇಳು ಕಡ್ಡಿ. ನಾನೇ..." ಅಲ್ಲಿಗೆ ನಿಲ್ಲಿಸಿದ. ಪ್ರತಿ ಸೋಮವಾರ ಕಟ್ಟು ತಂದುಕೊಡುತ್ತಿದ್ದವನು ಅವನೇ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು.

"ಬರೀ ಬೇರು, ಡಾಕ್ಟ್ರೇ. ಕೆಮ್ಮು ಬಂದ್ರೆ ಮಕ್ಕಳಿಗೂ ಕೊಡ್ತಾರೆ," ಎಂದ ಚಾಲಕ.

"ದಿನಕ್ಕೆ ಏಳು ಕಡ್ಡಿ ಕೊಡ್ತಾರಾ? ಜಾಸ್ತಿ ಆದ್ರೆ ಮೂತ್ರಪಿಂಡ ಉಪ್ಪನ್ನ ಹಿಡ್ಕೊಂಡು ಪೊಟ್ಯಾಸಿಯಂನ ಹೊರಗೆ ಹಾಕುತ್ತೆ. ಮೊದಲು ಕೈಕಾಲು ಸೋಲುತ್ತೆ, ಆಮೇಲೆ ಹೃದಯ. ಕಡ್ಡಿ ಬಿಡಿ, ನೀರು ಕುಡೀರಿ. 3.5 ದಾಟೋವರೆಗೆ ಏಣಿ ಮುಟ್ಟಬೇಡಿ."

ಎಂಜಿನಿಯರ್ ಎರಡು ವಾರ ಕಾಯುತ್ತೇನೆಂದಿದ್ದ. ಆಮೇಲೂ ಆಗದಿದ್ದರೆ ಬೇರೆ ಚಾಲಕ, ಕಟ್ಟಡ ಮುಗಿಯುವವರೆಗೆ.

ಮಾರ್ಚ್ ಇಪ್ಪತ್ತೆಂಟರ ಬೆಳಿಗ್ಗೆ ಚಾಲಕ ಹೆಲ್ಮೆಟ್ ತೊಟ್ಟು ಏಣಿಯ ಬುಡದಲ್ಲಿ ನಿಂತಿದ್ದ. ಕಾಲು ಗಟ್ಟಿಯಾಗಿತ್ತು, ಬೆರಳು ಬಿಗಿಯಾಗಿ ಮಡಚುತ್ತಿತ್ತು. ಹಿಂದಿನ ಸಂಜೆ ಕೊಟ್ಟ ರಕ್ತದ ವರದಿ ಇನ್ನೂ ಬಂದಿರಲಿಲ್ಲ. ಬೇರೆ ಚಾಲಕ ಆಚೆ ಇಟ್ಟಿಗೆ ರಾಶಿಯ ಮೇಲೆ ಕೂತು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ.

"ಹತ್ತುತ್ತೀಯೇನಪ್ಪಾ?" ಎಂಜಿನಿಯರ್ ದೂರದಿಂದ ಕೂಗಿದ.

ಚಾಲಕ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟ. ಜೇಬಿನಲ್ಲಿ ಫೋನ್ ಗುನುಗಿತು. ತೆಗೆದು ಪರದೆಗೆ ಅಂಗೈ ಅಡ್ಡ ಹಿಡಿದು ನೋಡಿದ. ಅದು ಬೇರೆ ಯಾರಿಗೂ ಕಾಣುವಂತಿರಲಿಲ್ಲ. ಭಾವಮೈದುನ ಅವನ ಮುಖವನ್ನೇ ನೋಡುತ್ತಿದ್ದ.

ಚಾಲಕ ಕಾಲು ಕೆಳಗಿಳಿಸಿದ. ಕೈಗವಸು ಕಳಚುತ್ತ ಇಟ್ಟಿಗೆ ರಾಶಿಯತ್ತ ನಡೆದ.

"ಬಲಗಡೆ ಹಿಡಿಕೆ ಸ್ವಲ್ಪ ಬಿಗಿ ಇದೆ, ನಿಧಾನಕ್ಕೆ ಒತ್ತು," ಎಂದು ಕೈಗವಸುಗಳನ್ನು ಆ ಬೇರೆ ಚಾಲಕನ ಕೈಗಿತ್ತ. ಆಮೇಲೆ ನೀರಿನ ಬಾಟಲಿ ಎತ್ತಿ ಗಟಗಟ ಕುಡಿಯತೊಡಗಿದ.

"ಎಷ್ಟಂತೆ, ಭಾವ?"

ಅವನು ಬಾಟಲಿ ಖಾಲಿ ಮಾಡಿ ಬಾಯಿ ಒರೆಸಿಕೊಂಡ.

"ಮೂರು ಪಾಯಿಂಟ್ ನಾಲ್ಕು."