ಐಆರ್ ಮಹಾಲಕ್ಷ್ಮಿ

ಮಹಾಲಕ್ಷ್ಮಿಯವರು ಯಾವ ವಸ್ತುವನ್ನೂ ಇಡೀ ಅಂಗೈಯಿಂದ ಹಿಡಿದದ್ದನ್ನು ನಾನು ಕಂಡಿಲ್ಲ. ಟೀ ಲೋಟ, ಬಸ್ ಟಿಕೆಟ್, ಮದುವೆಯ ಕರೆಯೋಲೆ ಎಲ್ಲವೂ ಎರಡು ಬೆರಳ ತುದಿಯಲ್ಲಿ, ಅಂಚಿನಲ್ಲಿ. ಪೀಣ್ಯದಲ್ಲಿ ಪ್ಲಾಸ್ಟಿಕ್ ಸಾಮಾನು ಪರೀಕ್ಷಿಸುವ ಪ್ರಯೋಗಾಲಯವೊಂದಕ್ಕೆ ವರದಿ ಟೈಪ್ ಮಾಡಲು ಸೇರಿದ ಹೊಸದರಲ್ಲಿ ಇದನ್ನು ಜಂಬವೆಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಹದಿನೆಂಟು ವರ್ಷ ಐಆರ್ ಯಂತ್ರದ ಮುಂದೆ ಕುಳಿತವರ ಕೈ ಅದು. ಯಂತ್ರದಲ್ಲಿ ಕೂರಿಸಿದ, ಉದ್ದಿನ ಕಾಳಿನಷ್ಟಿರುವ ವಜ್ರದ ಮೇಲೆ ಪ್ಲಾಸ್ಟಿಕ್ಕಿನ ಚೂರನ್ನು ಒತ್ತಿಟ್ಟು, ಕಣ್ಣಿಗೆ ಕಾಣದ ಅವಕೆಂಪು, ಅಂದರೆ ಇನ್‌ಫ್ರಾರೆಡ್ ಬೆಳಕು ಹಾಯಿಸಿದರೆ, ಆ ವಸ್ತು ಎಷ್ಟು ಬೆಳಕು ಹೀರಿತೆಂಬುದು ತೆರೆಯ ಮೇಲೆ ಏರಿಳಿಯುವ ಗೆರೆಯಾಗುತ್ತದೆ. ಬೆರಳಿನ ಜಿಡ್ಡು ತಾಗಿದ್ದರೆ ಅದರ ಗೆರೆಯೂ ಜೊತೆಗೆ ಮೂಡುತ್ತದೆ. ಬೆಳಗಿನ ಐದಕ್ಕೆದ್ದು ಮನೆಮಂದಿಗೆಲ್ಲ ಅಡುಗೆ ಮಾಡಿ, ಒಗ್ಗರಣೆ ಹಾಕಿ ಬರುವ ಅವರು ಲ್ಯಾಬಿನ ಬಾಗಿಲಲ್ಲಿ ಮೂರು ಸಲ ಸೋಪು ಹಚ್ಚಿ ಕೈ ತೊಳೆಯುತ್ತಿದ್ದರು.

ಅವರು ರಜೆ ಹಾಕಿದ್ದ ಒಂದು ದಿನ ಮೇಲ್ವಿಚಾರಕ ದೇವರಾಜ್ ತಾವೇ ನೀರಿನ ಬಾಟಲಿಯ ಮುಚ್ಚಳವೊಂದನ್ನು ಪರೀಕ್ಷಿಸಿದರು. ಗೆರೆಯಲ್ಲಿ ಎಣ್ಣೆ ಕಂಡಿತು, ಹಾಗೆಂದೇ ವರದಿಯೂ ಹೋಯಿತು. ಮರುದಿನ ಮುಚ್ಚಳದ ಕಾರ್ಖಾನೆಯವರು ಜಗಳಕ್ಕೆ ಬಂದಾಗ ದೇವರಾಜ್, ಕಸ ಗುಡಿಸಿ ಗಾಜಿನ ಪಾತ್ರೆ ತೊಳೆಯುವ ಹನುಮವ್ವನನ್ನು ಕರೆಸಿದರು. ಕೊಪ್ಪಳದ ಕಡೆಯವಳು, ಮನೆ ನಡೆಯುವುದು ಅವಳೊಬ್ಬಳ ದುಡಿಮೆಯಿಂದ.

“ತಲೆ ತುಂಬಾ ಕೊಬ್ರಿ ಎಣ್ಣೆ. ಅದೇ ಕೈಲಿ ಮಿಷನ್ ಒರೆಸಿದ್ದಾಳೆ. ನಾಳೆಯಿಂದ ಬರೋದು ಬೇಡ,” ಎಂದರು ದೇವರಾಜ್.

“ನಾ ಮಿಷನ್ ಮುಟ್ಟಂಗಿಲ್ರೀ ಸರ, ಅದರ ಸನೇಕ್ಕೂ ಹೋಗಂಗಿಲ್ಲ,” ಎಂದಳು ಹನುಮವ್ವ.

ರಜೆ ಮುಗಿಸಿ ಬಂದಿದ್ದ ಮಹಾಲಕ್ಷ್ಮಿ ಮೊದಲು, ಜಿಡ್ಡು ತಮ್ಮದೇ ಇರಬಹುದೇ ಎಂದು, ರಜೆಗೆ ಮುನ್ನ ತಾವು ಒರೆಸಿಟ್ಟ ಖಾಲಿ ವಜ್ರದ ಗೆರೆಯ ದಾಖಲೆ ತೆಗೆದು, ಅದು ಶುದ್ಧವಾಗಿದ್ದುದನ್ನು ಖಚಿತಪಡಿಸಿಕೊಂಡರು. ಬಳಿಕ ಹನುಮವ್ವನ ಜಡೆಗೆ ಗಾಜಿನ ಕಡ್ಡಿ ಸವರಿ ಒಂದು ಗೆರೆ ತೆಗೆದರು. ದೇವರಾಜ್ ದಿನವೂ ಹತ್ತಕ್ಕೆ ಪಕ್ಕದ ದರ್ಶಿನಿಯಿಂದ ತರಿಸುವ ವಡೆಯಿಂದ ಇನ್ನೊಂದು. ಕರಿದ ಎಣ್ಣೆಯ ಗೆರೆಯಲ್ಲಿ ಒಂದು ಪುಟ್ಟ ಉಬ್ಬಿತ್ತು. ಕೊಬ್ಬರಿ ಎಣ್ಣೆಯದರಲ್ಲಿ ಆ ಜಾಗ ಸಪಾಟು. ಮುಚ್ಚಳದ ಗೆರೆಯಲ್ಲೂ ಉಬ್ಬು ಎದ್ದು ಕಾಣುತ್ತಿತ್ತು.

“ಕೈ ತೊಳ್ಕೊಂಡಿದ್ದೆ ಮೇಡಂ,” ಎಂದರು ದೇವರಾಜ್.

“ಬರೀ ನೀರಲ್ಲೇನಾ ಸಾರ್?” ಎಂದು ಕೇಳಿದರು ಮಹಾಲಕ್ಷ್ಮಿ.

ದೇವರಾಜ್ ಬೆರಳುಗಳನ್ನು ಕರವಸ್ತ್ರಕ್ಕೆ ಒರೆಸಿಕೊಂಡರು.

“ಮನೇಲಿ ಒಂದಿನ ಬಾಣಲೆ ತೊಳೆದು ನೋಡಿ, ಗೊತ್ತಾಗತ್ತೆ.”

ಮುಚ್ಚಳದ ಮರುಪರೀಕ್ಷೆಯಲ್ಲಿ ಎಣ್ಣೆ ಕಾಣಲಿಲ್ಲ. ತಿದ್ದುಪಡಿ ವರದಿಯಲ್ಲಿ ‘ತಾಂತ್ರಿಕ ದೋಷ’ ಎಂದು ಹಾಕಿಬಿಡಿ ಎಂದರು ದೇವರಾಜ್. ಮಹಾಲಕ್ಷ್ಮಿ ನನ್ನ ಹಿಂದೆ ನಿಂತು, ‘ಪರೀಕ್ಷಿಸಿದವರ ಕೈಯ ಜಿಡ್ಡು’ ಎಂದು ಬರೆಸಿ, ದೇವರಾಜ್ ಅವರಿಂದಲೇ ಸಹಿ ಹಾಕಿಸಿದರು. ಮರುದಿನ ಹನುಮವ್ವ ಎಂದಿನಂತೆ ಪಾತ್ರೆ ತೊಳೆಯುತ್ತಿದ್ದಳು.

ಕೊಳೆ ತೆಗೆಯುವ ಕೆಲಸ ಮಾಡದವರಿಗೆ ಸ್ವಚ್ಛತೆ ತಾನಾಗಿ ಇರುವಂಥದ್ದು. ಅದು ಕೆಟ್ಟಾಗ ತೊಳೆಯುವವಳ ಮೇಲೆಯೇ ಅವರಿಗೆ ಅನುಮಾನ. ಜೀವಮಾನವಿಡೀ ತೊಳೆದವರು ಮೊದಲು ತಮ್ಮನ್ನೇ ಅನುಮಾನಿಸಿಕೊಳ್ಳುತ್ತಾರೆ. ಅಂಥವರು ಇನ್ನೊಬ್ಬರ ತಪ್ಪನ್ನು ತೋರಿಸಿದಾಗ ನಾನು ನಂಬುತ್ತೇನೆ.