ಮುತ್ತಮ್ಮನ ಕಣ್ಣಿಗೆ ಗೊತ್ತಿರುವುದು

೧

ಈ ಕಥೆಯನ್ನು ಬೆಳಗ್ಗೆಯಿಂದ ಶುರು ಮಾಡಬೇಕೋ ಬೇಡವೋ ತಿಳಿಯುತ್ತಿಲ್ಲ. ಮುತ್ತಮ್ಮನಿಗೆ ಪ್ರತಿ ಬೆಳಗ್ಗೆಯೂ ಮೊದಲನೆಯದೇ. ಮೆದುಳು ಜ್ವರ ಬಂದು ಹೋದಮೇಲೆ ಅವರಿಗೆ ಹಳೆಯದೆಲ್ಲ ನೆನಪಿದೆ, ಹೊಸದು ನಿಲ್ಲುವುದಿಲ್ಲ. ಮಗನ ಮದುವೆಯಾದದ್ದು ಜ್ವರದ ನಂತರ. ಹೀಗಾಗಿ ಸೊಸೆ ಪ್ರಮೋದಾ ದಿನವೂ ಹೊಸಬಳು.

"ಯಾರಮ್ಮ ನೀನು? ಯಾರ ಮನೆಯೋಳು?"

"ನಿಮ್ ಸೊಸೆ ಕಣತ್ತೆ."

"ಹೌದಾ? ನಂಗ್ಯಾರೂ ಹೇಳ್ಲೇ ಇಲ್ವಲ್ಲ."

(ಮೊದಲ ಡ್ರಾಫ್ಟ್‌ನಲ್ಲಿ ಇಲ್ಲಿ ಪ್ರಮೋದಾ ಅಳುತ್ತಿದ್ದಳು. ಹೊಡೆದುಹಾಕಿದೆ. ದಿನಾ ಅಳಲು ಯಾರಿಗೆ ಪುರುಸೊತ್ತಿದೆ?)

೨

ಊರು ಹೇಳಲಿಲ್ಲ ಅಲ್ಲವೇ? ದೊಡ್ಡಬಳ್ಳಾಪುರ. ಅಲ್ಲೇ ಹತ್ತಿರದ ಮಧುರೆ ಹೋಬಳಿ ಕಡೆ ರಾಗಿ ಬೆಳೆದುಕೊಂಡಿದ್ದ ಮುತ್ತಮ್ಮ ಮಗ್ಗ ಮುಟ್ಟಿದವರಲ್ಲ. ಪ್ರಮೋದಾ ಮನೆಯಲ್ಲೇ ಪವರ್‌ಲೂಮ್ ನಡೆಸುತ್ತಾಳೆ. ನೇಯುವಾಗ ಸೀರೆಯ ಮುಖ ಕೆಳಗಿರುತ್ತದೆ. ಹೂವಿನಲ್ಲಿ ಎಲ್ಲಿ ತಪ್ಪಿದೆ ಎಂದು ಅಡಿಯಲ್ಲಿ ಓರೆಯಾಗಿಟ್ಟ ಕನ್ನಡಿಯಲ್ಲಿ ನೋಡಬೇಕು. ಅದರಲ್ಲಿ ಕಣ್ಣಿಗೆ ಹತ್ತಿರ ಕಂಡದ್ದು ಬಟ್ಟೆಯ ಮೇಲೆ ಕೈಗೆ ದೂರ. ಅತ್ತೆ ಒಬ್ಬರೇ ಎದ್ದು ಎಲ್ಲಾದರೂ ಹೋದಾರೆಂದು ಪ್ರಮೋದಾ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ತಪ್ಪು ತೋರಿಸುವ ಈ ಕೆಲಸ ಹಚ್ಚಿದಳು. ಮೊದಮೊದಲು ಅತ್ತೆಯ ಬೆರಳು ಎಲ್ಲೆಲ್ಲೋ ಹೋಗುತ್ತಿತ್ತು. ಈಗ ನೇರವಾಗಿ ತಪ್ಪಿನ ಮೇಲೆಯೇ ನಿಲ್ಲುತ್ತದೆ.

"ಯಾವಾಗ ಕಲಿತ್ರಿ ಅತ್ತೆ?"

"ನಾನೆಲ್ಲಿ ಕಲ್ತೆ? ಇವತ್ತೇ ನೋಡ್ತಿರೋದು."

ಹೇಗೆ ಎಂದು ನನ್ನನ್ನು ಕೇಳಬೇಡಿ. ನೆನಪು ಬೇರೆ, ಕಣ್ಣಿನ ಅಭ್ಯಾಸ ಬೇರೆ ಎಂದರು ಡಾಕ್ಟರ್. ಅರ್ಥವಾದವನಂತೆ ತಲೆಯಾಡಿಸಿ ಬಂದೆ.

೪

(ಮೂರನೆಯದು ಕೆಟ್ಟಿತು. ಅದರಲ್ಲಿ ಮುತ್ತಮ್ಮ ಸೊಸೆಯನ್ನು ಹೆಸರು ಹಿಡಿದು ಕರೆಯುತ್ತಿದ್ದರು.) ಪ್ರಮೋದಾ ಅದನ್ನು ಓದಿ ವಾಪಸ್ ಕೊಟ್ಟಳು.

"ಒಂದ್ಸಲನಾದ್ರೂ ನನ್ನ ಗುರುತು ಹಿಡೀಲಿ ಅಂತ ನಂಗೂ ಆಸೆ ಸಾರ್. ನೀವು ಬರೆದ್ಬಿಟ್ರೆ ಅವ್ರು ಹಿಡಿದಂಗಾಯ್ತಾ?"

ಪಾತ್ರಗಳ ಕೈಗೆ ಕಥೆ ಕೊಟ್ಟದ್ದು ನನ್ನದೇ ಬುದ್ಧಿಗೇಡಿತನ. ಆದರೂ ಅವಳ ಮಾತು ನನಗೆ ನೋವಾಗುವಷ್ಟು ಸರಿಯಾಗಿತ್ತು.

೫

ಹೇಗೆ ಮುಗಿಸಲಿ? ನೆನಪು ಮರಳಿತು ಎಂದರೆ ಸಿನಿಮಾ. ಪ್ರಮೋದಾ ತವರಿಗೆ ಹೊರಟುಹೋದಳು, ಅತ್ತೆಗೆ ಗೊತ್ತೇ ಆಗಲಿಲ್ಲ ಎಂದರೆ ಬರೆಯಲು ಕೈ ಬರುವುದಿಲ್ಲ. ಇನ್ನೊಂದಿದೆ, ಮೊನ್ನೆ ನಾನು ಅವರ ಮನೆಗೆ ಹೋಗಿದ್ದಾಗಿನದು. ಪ್ರಮೋದಾ ಗಂಡನೊಡನೆ ಜಗಳವಾಡಿ, ಮುಖ ತೊಳೆದುಕೊಂಡು ಕಾಫಿ ತಂದಳು. ಮುತ್ತಮ್ಮ ಲೋಟ ಹಿಡಿಯದೆ ಅವಳನ್ನೇ ನೋಡಿದರು.

"ಯಾರಮ್ಮ ನೀನು?"

"ಸೊಸೆ ಕಣತ್ತೆ."

"ಇರ್ಬೋದು. ಯಾಕಮ್ಮ ಇವತ್ತು ಮುಖ ದಿನದಂಗಿಲ್ಲ?"

ಪ್ರಮೋದಾ ಅಲ್ಲೇ ಕೂತಳು.

"ದಿನಾ ಹೆಂಗಿರುತ್ತೆ ಅತ್ತೆ?"

ಮುತ್ತಮ್ಮ ಕನ್ನಡಿಯಲ್ಲಿ ಸೀರೆ ನೋಡುವಂತೆ ಅವಳ ಮುಖ ನೋಡತೊಡಗಿದರು. ದಿನಾ ಹೇಗಿರುತ್ತದೆಂದು ನನಗೂ ಗೊತ್ತಿಲ್ಲ. ಸರಿ, ಇಲ್ಲಿಗೆ ಮುಗಿಸೋಣ ಎಂದುಕೊಂಡರೆ ಪ್ರಮೋದಾ ತಿರುಗದೆಯೇ ನನಗೆ ಕೈ ಅಡ್ಡ ಹಿಡಿದಳು.

"ತಡೀರಿ ಸಾರ್. ಇನ್ನೂ ನೋಡ್ತಾವ್ರೆ."