ದುರುಗವ್ವಂದಿರ ಪಟ್ಟಿ

ರೊಟ್ಟಿ ಹಂಚಿನ ಮೇಲೆ ಇನ್ನೇನು ಉಬ್ಬಬೇಕು, ಫೋನು ಬಂತು. ರೂಪಾ ಹಿಟ್ಟಿನ ಕೈಯಲ್ಲೇ ಎತ್ತಿದಳು. ಆಶಾ ಕಾರ್ಯಕರ್ತೆ ಇಮಾಮಬಾನು.

“ಯವ್ವಾ ರೂಪಾ, ನನ್ನ ಹುಟ್ಟಿದ ಮಕ್ಕಳ ಪುಸ್ತಕದಾಗ ನೂರಾ ಹನ್ನೆರಡು ಹೆಸರು ಅದಾವ. ನೀ ಕೊಟ್ಟ ಪಟ್ಟ್ಯಾಗ ಎಪ್ಪತ್ತೊಂದು. ಉಳಿದವ್ರನ್ನ ನಿನ್ನ ಕಂಪ್ಯೂಟರ್ ನುಂಗೇತೇನು? ಹನ್ನೊಂದಕ್ಕ ಸಾಲ್ಯಾಗ ಸೂಜಿ ಹಾಕ್ತಾರ. ಪಟ್ಟ್ಯಾಗ ಇಲ್ಲದವ್ರಿಗೆ ಇಲ್ಲ ನೋಡು.”

“ಹತ್ತರೊಳಗ ಕಳಸ್ತೀನ್ರಿ ಅಕ್ಕಾ.”

ರೂಪಾ ಇರಕಲ್ಲಗಡದ ಗ್ರಂಥಾಲಯ ನೋಡಿಕೊಳ್ಳುವವಳು. ಕೊಪ್ಪಳದ ತರಬೇತಿಯಲ್ಲಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಅಷ್ಟಿಷ್ಟು ಕಲಿತಿದ್ದಳು. ಇಮಾಮಬಾನುವಿನ ಮೂರು ಓಣಿಯ ಪುಸ್ತಕವನ್ನೆಲ್ಲ ಸಾಲುಸಾಲಾಗಿ ಟೈಪು ಮಾಡಿ, ತಾನೇ ಬರೆದ ಪುಟ್ಟ ಸ್ಕ್ರಿಪ್ಟಿನಿಂದ ಜೇಸನ್ ಎಂಬ ಬಗೆಯ ಕಡತವಾಗಿ ಉಳಿಸಿದ್ದಳು.

ಒಲೆ ಆರಿಸಿ ಕಡತ ತೆರೆದಳು. ಉದ್ದಕ್ಕೂ ಒಂದೇ ಸಾಲು. ಕನ್ನಡದ ಜಾಗದಲ್ಲಿ ಬರೀ ಓರೆಗೆರೆ, ಇಂಗ್ಲಿಷ್ ಅಕ್ಷರ, ಅಂಕಿ. ಹತ್ತು ವರ್ಷದ ಮಗಳು ದುರುಗವ್ವ ಹೆಗಲ ಮೇಲಿಂದ ಇಣುಕಿದಳು.

“ಇದೇನವ್ವಾ, ಇರುವಿ ಹರದಂಗ ಐತಿ!”

ರೂಪಾ ಸ್ಕ್ರಿಪ್ಟಿನಲ್ಲಿ ಕಡತ ಉಳಿಸುವ ಸಾಲಿಗೆ ಎರಡು ಮಾತು ಸೇರಿಸಿದಳು: ಕನ್ನಡ ಕನ್ನಡವಾಗಿಯೇ ಇರಲೆಂದು ‘ಎನ್ಶೂರ್ ಆಸ್ಕಿ ಫಾಲ್ಸ್’, ಸಾಲುಗಳು ಬಿಡಿಬಿಡಿಯಾಗಿ ಕಾಣಲೆಂದು ‘ಇಂಡೆಂಟ್ ಎರಡು’. ಮತ್ತೆ ಓಡಿಸಿದಾಗ ಹೆಸರುಗಳು ಕಂಡವು. ಮಾರೆವ್ವ ಒಬ್ಬಳೇ. ಹೊನ್ನೂರಪ್ಪ ಒಬ್ಬನೇ. ದುರುಗವ್ವನೂ ಒಬ್ಬಳೇ.

“ಒಬ್ಬಾಕಿ ಅಂತ! ನಮ್ಮ ಓಣ್ಯಾಗ ದುರುಗವ್ವ ಅಂತ ಕೂಗಿದ್ರ ನಾಕು ಮಂದಿ ಹೊಳ್ಳಿ ನೋಡ್ತಾರ,” ಮಗಳು ನಕ್ಕಳು.

ತಪ್ಪು ಅಲ್ಲೇ ಇತ್ತು. ರೂಪಾ ಹೆಸರನ್ನೇ ಖಾನೆಯ ಗುರುತು ಮಾಡಿದ್ದಳು. ಅದೇ ಹೆಸರಿನ ಇನ್ನೊಂದು ಕೂಸು ಬಂದರೆ ಮೊದಲಿನದು ಖಾನೆಯಿಂದ ಸದ್ದಿಲ್ಲದೆ ಹೊರಗೆ. ತರಬೇತಿಯ ಉದಾಹರಣೆಯಲ್ಲಿ ಒಬ್ಬೊಬ್ಬರದು ಒಂದೊಂದು ಹೆಸರು. ಇಲ್ಲಿ ಮೊದಲ ಕೂಸಿಗೆ ಅಜ್ಜ-ಅಜ್ಜಿಯ ಹೆಸರು, ಇಲ್ಲವೇ ಊರ ದೇವರದು.

ಹಾಗೆ ಹೊರಗೆ ಬಿದ್ದವರಲ್ಲಿ ತನ್ನ ಮನೆಯವಳೂ ಇದ್ದಾಳೆಂದು ರೂಪಾಳಿಗೆ ಆಗ ಹೊಳೆಯಿತು. ಚೊಚ್ಚಲ ಮಗಳು, ಅತ್ತೆಯ ಹೆಸರಿನವಳು. ನಲವತ್ತು ದಿನ ಬದುಕಿದ್ದಳು. ಮೂರು ವರ್ಷದ ಮೇಲೆ ಹುಟ್ಟಿದ ಇವಳಿಗೂ ಅದೇ ಹೆಸರಿಟ್ಟರು. ದೊಡ್ಡವಳಾದ ಮೇಲೆ ಹೇಳಿದರಾಯಿತು ಎಂದುಕೊಳ್ಳುತ್ತಲೇ ಹತ್ತು ವರ್ಷ ಕಳೆದಿತ್ತು. ಪಟ್ಟಿ ಸರಿಯಾದರೆ ಇಬ್ಬರೂ ಕಾಣುತ್ತಾರೆ.

“ದುರುಗಿ, ಹಾಲು ತಗೊಂಡು ಬಾ.”

“ಆಗ್ಲೇ ತಂದೀನಲ್ಲವ್ವಾ. ನೀನ ಕಾಸೀದಿ.”

ಚೊಚ್ಚಲ ಮಗಳ ಆ ಒಂದು ಸಾಲು ಅಳಿಸಿಬಿಡಬಹುದಿತ್ತು. ಬೆರಳು ಗುಂಡಿಯ ತನಕ ಹೋಯಿತು. ಒಮ್ಮೆ ತಿಳಿಯದೆ ಅಳಿಸಿದ್ದಳು. ತಿಳಿದು ಅಳಿಸಲು ಕೈ ಬರಲಿಲ್ಲ.

ಹೆಸರಿನ ಗುರುತು ತೆಗೆದು, ಹೆಸರು ಒಂದೇ ಇದ್ದರೂ ಕೂಸಿಗೊಂದು ಬೇರೆ ಖಾನೆಯಂತೆ ಪಟ್ಟಿ ಮಾಡಿದಳು. ಟೈಪು ಮಾಡಿದ ಮೂಲ ಸಾಲುಗಳು ಹಾಗೇ ಇದ್ದವು. ಸ್ಕ್ರಿಪ್ಟು ಓಡಿಸಿದಳು. ನೂರಾ ಹನ್ನೆರಡು.

“ನೀ ಓದು, ನಾ ಪುಸ್ತಕದ ಜೆರಾಕ್ಸಿನ್ಯಾಗ ಗುರ್ತು ಹಾಕ್ತೀನಿ,” ಎಂದಳು ಮಗಳಿಗೆ.

“ದುರುಗವ್ವ, ತಾಯಿ ಶಿವಲಿಂಗಮ್ಮ. ಸುಭಾಷ್, ತಾಯಿ ಮಾರೆವ್ವ. ದುರುಗವ್ವ, ತಾಯಿ ರೂಪಾ... ಇದು ನಾನು! ಅವ್ವಾ, ಹುಟ್ಟಿದ ದಿನ ತಪ್ಪು ಹಾಕೀಯಲ್ಲ.”

“ತಪ್ಪಿಲ್ಲ. ಮುಂದ ಓದು.”

ಮಗಳು ಅದರ ಕೆಳಗಿನ ಸಾಲು ನೋಡಿದಳು. ‘ಸ್ಥಿತಿ: ತೀರಿಕೊಂಡಿದೆ.’ ಅದನ್ನು ಬಾಯಿಬಿಟ್ಟು ಓದಲಿಲ್ಲ. ಮುಂದಕ್ಕೆ ಹೋದಳು. ಸುಮಾರು ಹೆಸರು ದಾಟಿದ ಮೇಲೆ ಇನ್ನೊಂದು ದುರುಗವ್ವ, ತಾಯಿ ರೂಪಾ, ತನ್ನದೇ ಹುಟ್ಟಿದ ದಿನ. ಅದನ್ನೂ ಓದಿದಳು, ದನಿ ಸಣ್ಣದಾಗಿತ್ತು. ಕೊನೆಯ ಹೆಸರಿನ ತನಕ ನಿಲ್ಲಲಿಲ್ಲ. ರೂಪಾ ಗುರುತು ಹಾಕುತ್ತ ಹೋದಳು, ಕಡತವನ್ನು ಇಮಾಮಬಾನುವಿಗೆ ಕಳಿಸಿದಳು, ಲ್ಯಾಪ್‌ಟಾಪು ಮುಚ್ಚಿದಳು. ಮಗಳು ಎದ್ದಿರಲಿಲ್ಲ.

“ಅವ್ವಾ,” ಎಂದಳು, “ನನಗ ಇಟ್ಟಿದ್ದು ಆಕಿ ಹೆಸರಾ?”